ಬಾಯಿಮಾತಿಗೆ ಹಕ್ಕುಪತ್ರ ಉಂಟೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಟಿ-ಶರ್ಟ್, ಕಾಫಿ ಕಪ್, ಬೈಕ್ ಸ್ಟಿಕ್ಕರ್ ಮೇಲೆ ‘ಈ ಸಲ ಕಪ್ ನಮ್ದೇ’, ‘ಹೌದ್ದೋ ಹುಲಿಯಾ’, ‘ಏನ್ರೀ, ಆರಾಮ?’ ಅಂತೆಲ್ಲ ಹಾಕಿ ಮಾರ್ತೀವಿ. ಇಂಥ ಮಾತನ್ನ ಯಾರಾದ್ರೂ ರಿಜಿಸ್ಟರ್ ಮಾಡಿಸಿಬಿಟ್ರೆ ನಾವು ಹಾಕೋ ಹಂಗಿಲ್ಲ, ಕೇಸ್ ಬೀಳ್ತದ ಅಂತ ಪರಿಚಯದವರೊಬ್ಬರು ಹೆದರಿಸ್ಯಾರ. ಎಲ್ಲಾರೂ ಆಡೋ ಮಾತನ್ನ ಒಬ್ಬರು ತಮ್ಮದು ಅನ್ನಾಕ ಬರ್ತದೇನ್ರಿ? ಹಂಗಿದ್ರ ನಾವೇ ಮೊದಲು ಮಾಡಿಸಿಕೊಳ್ಳೋದು ಚಲೋನ?

ಉತ್ತರ: ನಿಮ್ಮ ಪರಿಚಯದವರು ಅರ್ಧ ನಿಜ ಹೇಳಿದ್ದಾರೆ. ದಿನಬಳಕೆಯ ಮಾತನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ನಮ್ಮ ಕಾನೂನಿನಲ್ಲಿ ಸಾರಾಸಗಟು ನಿಷೇಧವೇನೂ ಇಲ್ಲ. ಆದರೆ ನೋಂದಣಿಯಾದ ಕೂಡಲೇ ಆ ಮಾತು ಅವರ ಸ್ವತ್ತಾಯಿತು, ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳಬೇಕು ಎಂಬುದು ಊಹೆ. ನೋಂದಣಿಯಿಂದ ಸಿಗುವುದು ಗೊತ್ತುಪಡಿಸಿದ ಕೆಲವು ಸರಕಿನ ಮೇಲೆ ಆ ಮಾತನ್ನು ತನ್ನ ವ್ಯಾಪಾರದ ಗುರುತಾಗಿ ಬಳಸುವ ಹಕ್ಕು, ಅಷ್ಟೇ.

ಈ ‘ಗೊತ್ತುಪಡಿಸಿದ ಸರಕು’ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ ಜಗತ್ತಿನ ವ್ಯಾಪಾರವನ್ನೆಲ್ಲ 45 ವರ್ಗಗಳಾಗಿ ಹಂಚಿದ್ದಾರೆ. ಮೊದಲ 34 ಸರಕಿಗೆ, ಉಳಿದ 11 ಸೇವೆಗಳಿಗೆ. ನಿಮ್ಮ ಪುಟ್ಟ ಅಂಗಡಿಯೇ ಮೂರು ವರ್ಗಗಳಲ್ಲಿ ಕಾಲಿಟ್ಟು ನಿಂತಿದೆ: ಟಿ-ಶರ್ಟ್ 25ನೆಯ ವರ್ಗ, ಕಾಫಿ ಕಪ್ 21, ಸ್ಟಿಕ್ಕರ್ 16. ಯಾರೋ ‘ಏನ್ರೀ, ಆರಾಮ?’ ಎಂಬುದನ್ನು ಹಾಸಿಗೆ ಮಾರಲು 20ನೆಯ ವರ್ಗದಲ್ಲಿ ನೋಂದಾಯಿಸಿಕೊಂಡರು ಎಂದಿಟ್ಟುಕೊಳ್ಳಿ. ಅದರಿಂದ ನಿಮ್ಮ ಟಿ-ಶರ್ಟಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ದೇಶಕ್ಕೆಲ್ಲ ಗೊತ್ತಿರುವ ಬಲು ಹೆಸರುವಾಸಿ ಗುರುತುಗಳಿಗೆ ಮಾತ್ರ ವರ್ಗ ದಾಟಿ ರಕ್ಷಣೆ ಸಿಗುವುದುಂಟು. ಬೀದಿಯಲ್ಲಿ ಎದುರಾದವರನ್ನು ‘ಏನ್ರೀ, ಆರಾಮ?’ ಎಂದು ಕೇಳುವುದಕ್ಕಂತೂ ಯಾವ ವರ್ಗವೂ ಇಲ್ಲ.

ಇನ್ನು ಕಾನೂನು ಏನು ಕೇಳುತ್ತದೆ? ನಮ್ಮಲ್ಲಿರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಅದರ 9ನೆಯ ಸೆಕ್ಷನ್ ಮೂರು ಬಗೆಯ ಗುರುತುಗಳನ್ನು ಬಾಗಿಲಲ್ಲೇ ತಡೆಯುತ್ತದೆ: ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸಲಾರದ್ದು, ಸರಕಿನ ಗುಣವನ್ನೋ ಬಗೆಯನ್ನೋ ಊರನ್ನೋ ಬಣ್ಣಿಸುವಂಥದ್ದು, ಚಾಲ್ತಿಯ ಭಾಷೆಯಲ್ಲೋ ವ್ಯಾಪಾರದಲ್ಲೋ ರೂಢಿಯಾಗಿಬಿಟ್ಟದ್ದು. ಬಾಯಿಮಾತುಗಳು ಮೂರನೆಯದಕ್ಕೆ ಸಿಕ್ಕಿಬೀಳುತ್ತವೆ ಎಂದು ನಿಮಗೆ ಅನ್ನಿಸಬಹುದು, ಅನೇಕ ಸಲ ಬೀಳುತ್ತವೆ ಕೂಡ. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ಕಿಂಡಿಯಿದೆ. ಅರ್ಜಿ ಹಾಕುವ ಹೊತ್ತಿಗಾಗಲೇ ಬಳಕೆಯ ಬಲದಿಂದ ಆ ಗುರುತು ವಿಶಿಷ್ಟವಾಗಿದ್ದರೆ, ಅಂದರೆ ಜನ ಅದನ್ನು ನೋಡಿದೊಡನೆ ‘ಓ, ಇದು ಇಂಥವರದು’ ಎನ್ನುವಂತಾಗಿದ್ದರೆ, ತಡೆಯುವಂತಿಲ್ಲ.

ಈ ಕಿಂಡಿಯ ಅರ್ಥ ತಿಳಿಯಲು ‘ಜಸ್ಟ್ ಡೂ ಇಟ್’ ನೋಡಿ. ‘ಸುಮ್ನೆ ಮಾಡಿ ಮುಗಿಸು’ ಎಂದು ಹೇಳದ ತಾಯಿಯಿಲ್ಲ. ಆದರೂ 1988ರಿಂದ ಅದನ್ನು ಹಾಡಿದ್ದೇ ಹಾಡಿ, ಶೂ ಹಾಕದವರಿಗೂ ನೈಕಿ ನೆನಪಾಗುವ ಹಾಗೆ ಮಾಡಿದ್ದಾರೆ. ಅದನ್ನು ಬರೆದ ಡ್ಯಾನ್ ವೈಡನ್ ತನಗೆ ಹೊಳಹು ಸಿಕ್ಕಿದ್ದು ಗ್ಯಾರಿ ಗಿಲ್ಮೋರ್ ಎಂಬ ಕೊಲೆಗಾರನಿಂದ ಎಂದು ಹೇಳಿದ್ದುಂಟು. 1977ರಲ್ಲಿ ಅಮೆರಿಕದ ಯೂಟಾದಲ್ಲಿ ಗುಂಡಿಕ್ಕಿ ಮರಣದಂಡನೆ ಜಾರಿಮಾಡುವ ಮುಂಚೆ ಆತ ಆಡಿದ ಮಾತು ‘ಲೆಟ್ಸ್ ಡೂ ಇಟ್’ ಎಂದಂತೆ. ಆ ಮಾತು ಎಲ್ಲಿ ಹುಟ್ಟಿತು, ಯಾರು ಮೊದಲು ಆಡಿದರು ಎಂಬುದನ್ನು ಟ್ರೇಡ್‌ಮಾರ್ಕ್ ಕಾನೂನು ಕೇಳುವುದೇ ಇಲ್ಲ. ಈಗ ಮಾರುಕಟ್ಟೆಯಲ್ಲಿ ಅದು ಯಾರನ್ನು ತೋರಿಸುತ್ತದೆ ಎಂದಷ್ಟೇ ಕೇಳುತ್ತದೆ. ಜರ್ಮನಿಯ ಆಡಿ ಕಾರಿನವರ ‘ಫೋರ್‌ಸ್ಪ್ರುಂಗ್ ಡುರ್ಶ್ ಟೆಕ್ನಿಕ್’ ಎಂಬ ಘೋಷವಾಕ್ಯ ಬರೀ ತಂತ್ರಜ್ಞಾನದ ಹೊಗಳಿಕೆ ಎಂದು ಐರೋಪ್ಯ ನೋಂದಣಿ ಕಚೇರಿ ತಿರಸ್ಕರಿಸಿತ್ತು. 2010ರಲ್ಲಿ ಐರೋಪ್ಯ ಒಕ್ಕೂಟದ ಉನ್ನತ ನ್ಯಾಯಾಲಯ ಅದಕ್ಕೆ ನೋಂದಣಿಯ ಬಾಗಿಲು ತೆರೆಯಿತು. ಹೊಗಳಿಕೆಯ ಮಾತೂ ಗುರುತಾಗಬಲ್ಲದು ಎಂಬುದು ಅದರ ನಿಲುವು.

ನಮ್ಮ ನ್ಯಾಯಾಲಯಗಳ ಕೈ ಇಷ್ಟು ಉದಾರವಲ್ಲ, ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ರೆಡ್ ಬುಲ್ ಪಾನೀಯದವರ ‘ವೈಟಲೈಸಸ್ ಬಾಡಿ ಆ್ಯಂಡ್ ಮೈಂಡ್’ ನೋಂದಾಯಿತ ಗುರುತು. ಪೆಪ್ಸಿಯವರು ತಮ್ಮ ಸ್ಟಿಂಗ್ ಡಬ್ಬಿಯ ಮೇಲೆ ‘ಸ್ಟಿಮ್ಯುಲೇಟ್ಸ್ ಮೈಂಡ್, ಎನರ್ಜೈಸಸ್ ಬಾಡಿ’ ಎಂದು ಹಾಕಿದಾಗ ರೆಡ್ ಬುಲ್ ದಿಲ್ಲಿ ಹೈಕೋರ್ಟಿಗೆ ಹೋಯಿತು. ಕುಡಿದರೆ ಚೈತನ್ಯ ಬರುತ್ತದೆ ಎನ್ನುವುದು ಇಂಥ ಪಾನೀಯದ ಬಣ್ಣನೆ ತಾನೇ ಎಂದು ನ್ಯಾಯಾಲಯ 2022ರಲ್ಲಿ ಮಧ್ಯಂತರ ತಡೆಯಾಜ್ಞೆ ನಿರಾಕರಿಸಿತು. ಇದಕ್ಕೂ ಮೊದಲು 2010ರಲ್ಲಿ ಅಡುಗೆ ಎಣ್ಣೆಯ ಜಗಳವೊಂದು ಅಲ್ಲೇ ನಡೆದಿತ್ತು. ‘ಲೋಸಾರ್ಬ್’ ಎಂಬ ಪದವನ್ನು ನೋಂದಾಯಿಸಿದ್ದ ಮಾರಿಕೋ, ಸನ್‌ಡ್ರಾಪ್ ಎಣ್ಣೆಯವರು ‘ಲೋ ಅಬ್ಸಾರ್ಬ್ ಟೆಕ್ನಾಲಜಿ’ ಎಂದು ಬರೆಯಬಾರದೆಂದು ಕೇಳಿತು. ಎಣ್ಣೆ ಕಡಿಮೆ ಹೀರುತ್ತದೆ ಎಂಬ ಮಾತನ್ನು ಕೆಲವು ಅಕ್ಷರ ಕತ್ತರಿಸಿ ಗುರುತು ಮಾಡಿಕೊಂಡವರು, ಅದೇ ಸಂಗತಿಯನ್ನು ಪೂರ್ತಿಯಾಗಿ ಬರೆಯುವವರನ್ನು ತಡೆಯಲಾರರು ಎಂಬುದು ತೀರ್ಪಿನ ತಿರುಳು. ನೋಂದಣಿ ಪತ್ರ ಕೈಯಲ್ಲಿದ್ದೂ ಎರಡೂ ಕಡೆ ಬೇಡಿದ ತಡೆಯಾಜ್ಞೆ ಸಿಗಲಿಲ್ಲ. ಕಾಯ್ದೆಯ 30 ಮತ್ತು 35ನೆಯ ಸೆಕ್ಷನ್‌ಗಳಿಗೆ ಈ ಜಗಳಗಳಲ್ಲಿ ದೊಡ್ಡ ಪಾತ್ರ. ಸರಕಿನ ಗುಣವನ್ನು ಪ್ರಾಮಾಣಿಕವಾಗಿ ಬಣ್ಣಿಸಲು ಯಾರು ಯಾವ ಪದವನ್ನಾದರೂ ಬಳಸಬಹುದು ಎಂದು ಅವು ಹೇಳುತ್ತವೆ.

ಟಿ-ಶರ್ಟಿಗೆ ಹತ್ತಿರದ ಪ್ರಕರಣವೊಂದು ನಮ್ಮ ರಾಜ್ಯದ್ದೇ ಇದೆ. ರೀಬಾಕ್ ಕಂಪನಿ ‘ಐ ಆ್ಯಮ್ ವಾಟ್ ಐ ಆ್ಯಮ್’ ಎಂಬ ಜಾಹೀರಾತು ಅಭಿಯಾನ ಶುರುಮಾಡಿದ ಕಾಲದಲ್ಲಿ, ಆ ಮಾತು ತಮ್ಮದೆಂದು ಗೋಮ್ಜಿ ಆ್ಯಕ್ಟಿವ್ ಎಂಬ ಬೆಂಗಳೂರಿನ ಸಂಸ್ಥೆ ಕೋರ್ಟು ಹತ್ತಿತು. ಕರ್ನಾಟಕ ಹೈಕೋರ್ಟ್ ರಕ್ಷಣೆ ಕೊಡಲಿಲ್ಲ. ‘ನಾನಿರುವುದೇ ಹೀಗೆ’ ಎಂಬುದು ರೂಢಿಯ ಮಾತು, ಅದರಲ್ಲಿ ಯಾರ ಸ್ವಂತ ರಚನೆಯೂ ಇಲ್ಲ ಎಂಬುದು ಕಾರಣ. ಇಲ್ಲಿ ದೊಡ್ಡ ಕಂಪನಿ ಗೆದ್ದು ಸಣ್ಣದು ಸೋತಿತಲ್ಲ ಎಂದು ಬೇಸರಪಡಬೇಡಿ. ಅದೇ ತರ್ಕ ನಾಳೆ ದೊಡ್ಡವರು ನಿಮ್ಮ ಮೇಲೆ ಬಂದಾಗ ನಿಮ್ಮ ಕೈಗೂ ಬರುತ್ತದೆ.

ಒಂದೇ ಪದದ ಜಗಳಕ್ಕೆ ಬಂದರೆ ನಮಗೆ ‘ನಂದಿನಿ’ಗಿಂತ ಒಳ್ಳೆಯ ಪಾಠವಿಲ್ಲ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಈ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನಲ್ಲಿ 1989ರಿಂದ ‘ನಂದಿನಿ ಡೀಲಕ್ಸ್’ ಹೋಟೆಲುಗಳಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚು, ಕನ್ನಡದ ಕಿವಿಗೆ ಎರಡೂ ಒಂದೇ. ಹೋಟೆಲಿನವರು ತಮ್ಮ ತಿನಿಸುಗಳಿಗೆ ಹೆಸರು ನೋಂದಾಯಿಸಲು ಹೊರಟಾಗ ಮಹಾಮಂಡಳ ಅಡ್ಡಬಂತು. ಮೇಲ್ಮನವಿ ಮಂಡಳಿಯೂ ಹೈಕೋರ್ಟೂ ಮಹಾಮಂಡಳದ ಪರ ನಿಂತವು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಿರುಗಿಸಿ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ನಂದಿನಿ ಪುರಾಣದ ಕಾಮಧೇನುವಿನ ಸಂತತಿ, ದೇವಿಯ ಹೆಸರೂ ಹೌದು. ಮಹಾಮಂಡಳ ಹುಟ್ಟುಹಾಕಿದ ಪದವಲ್ಲ. ಲಾಂಛನಗಳು ಬೇರೆ, ಸರಕು ಬೇರೆ, ಬಿರಿಯಾನಿಗೆ ಹೋದವರು ಹಾಲಿನ ಪ್ಯಾಕೆಟ್ಟಿನವರದೇ ಹೋಟೆಲು ಎಂದು ಮೋಸಹೋಗುವ ಸಂಭವ ಕಡಿಮೆ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರು ಬಿಟ್ಟುಕೊಡಬೇಕಾಯಿತು. ನೋಡಿ, ಕರ್ನಾಟಕದ ಮನೆಮನೆಗೆ ಗೊತ್ತಿರುವ ಹೆಸರು. ಅದಕ್ಕೂ ಹಾಲಿನ ಸುತ್ತ ಬೇಲಿ ಸಿಕ್ಕಿತೇ ಹೊರತು ಹೆಸರಿನ ಪೂರ್ತಿ ಒಡೆತನ ಸಿಗಲಿಲ್ಲ. ಇದಕ್ಕೂ ಮೂರು ವರ್ಷ ಮುಂಚೆ ಅಗರಬತ್ತಿಗೆ ‘ರಾಮಾಯಣ್’ ಎಂಬ ಹೆಸರು ಕೇಳಿದವರಿಗೂ ಸುಪ್ರೀಂ ಕೋರ್ಟ್ ಇಲ್ಲವೆಂದಿತ್ತು. ಧರ್ಮಗ್ರಂಥದ ಹೆಸರೊಂದನ್ನೇ ಹಿಡಿದು ಯಾರೂ ಗುತ್ತಿಗೆ ಪಡೆಯುವಂತಿಲ್ಲ ಎಂದು.

ಹೀಗೆಲ್ಲ ಇದ್ದ ಮೇಲೆ ಹೆದರಿಕೆ ಎಲ್ಲಿಂದ ಬಂತು? ಕೋರ್ಟಿನ ತನಕ ಹೋಗದ ಪ್ರಕರಣಗಳಿಂದ. ಇದಕ್ಕೆ ಅಮೆರಿಕದ ‘ಟಾಕೋ ಟ್ಯೂಸ್‌ಡೇ’ ಕತೆ ಹೇಳಲೇಬೇಕು. ಮೆಕ್ಕೆಜೋಳದ ತೆಳು ರೊಟ್ಟಿ ಮಡಚಿ ಒಳಗೆ ಮಾಂಸವನ್ನೋ ಕಾಳನ್ನೋ ತುಂಬಿದ ಮೆಕ್ಸಿಕೋದ ತಿಂಡಿ ಟಾಕೋ. ಮಂಗಳವಾರ ಗಿರಾಕಿ ಕಡಿಮೆ, ಆದ್ದರಿಂದ ಅಂದು ಟಾಕೋ ಅಗ್ಗ. ಹೀಗೆ ಊರೂರಿನ ಹೋಟೆಲುಗಳಲ್ಲಿ ‘ಟಾಕೋ ಮಂಗಳವಾರ’ ಎಂಬ ಬೋರ್ಡು ಬಂತು. ವಯೋಮಿಂಗ್ ರಾಜ್ಯದ ಟಾಕೋ ಜಾನ್ಸ್ ಎಂಬ ಹೋಟೆಲು ಸರಪಳಿ 1989ರಲ್ಲಿ ಈ ಎರಡು ಪದಗಳನ್ನು ನೋಂದಾಯಿಸಿಕೊಂಡಿತು. ನ್ಯೂಜೆರ್ಸಿಯ ಗ್ರೆಗೊರೀಸ್ ಎಂಬ ಹೋಟೆಲಿನಲ್ಲಿ ಅದಕ್ಕೂ ಹಿಂದಿನಿಂದ ಆ ಮಾತಿನ ಬಳಕೆ ಇದ್ದದ್ದರಿಂದ ಆ ಒಂದು ರಾಜ್ಯ ಬಿಟ್ಟು ಉಳಿದ 49ರಲ್ಲಿ ಹಕ್ಕು ಟಾಕೋ ಜಾನ್ಸ್‌ನದು. ಮುಂದೆ ಮೂರು ದಶಕ ಅವರ ವಕೀಲರು ಬೋರ್ಡು ಹಾಕಿದ ಹೋಟೆಲುಗಳಿಗೆ ಕಾಗದ ಬರೆಯುತ್ತ ಹೋದರು. ಬಂದ ಕಾಗದ ಓದಿದ ಸಣ್ಣ ಹೋಟೆಲಿನವರು ಬೋರ್ಡು ಇಳಿಸಿದರು. ದೇಶಕ್ಕೆ ದೇಶವೇ ಆಡುತ್ತಿದ್ದ ಮಾತು ಅದು. ಯಾರಾದರೂ ಎದುರು ನಿಂತಿದ್ದರೆ ನೋಂದಣಿ ಉಳಿಯುವುದು ಕಷ್ಟವಿತ್ತು. ಆದರೆ ಎದುರು ನಿಲ್ಲುವ ಖರ್ಚು ಹೊಸ ಬೋರ್ಡು ಬರೆಸುವ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು.

ಕೊನೆಗೆ ಎದುರು ನಿಂತದ್ದು ಏಳು ಸಾವಿರಕ್ಕೂ ಹೆಚ್ಚು ಮಳಿಗೆಗಳ ಟಾಕೋ ಬೆಲ್. 2023ರ ಮೇ 16ರಂದು, ಬೇಕೆಂದೇ ಮಂಗಳವಾರ ನೋಡಿ, ನೋಂದಣಿ ರದ್ದುಮಾಡಿ ಎಂದು ಅರ್ಜಿ ಹಾಕಿತು. ಹಕ್ಕು ತನಗೆ ಬೇಡ, ಎಲ್ಲರಿಗೂ ಬಿಡಿಸಿಕೊಡಿ ಎಂಬ ಬೇಡಿಕೆ. ಜಾಹೀರಾತಿಗೆ ಇದಕ್ಕಿಂತ ಅಗ್ಗದ ದಾರಿ ಬೇರೊಂದಿರಲಿಲ್ಲ ಎಂಬುದು ಬೇರೆ ಮಾತು. ಜುಲೈ 18ರಂದು, ಅದೂ ಮಂಗಳವಾರವೇ, ವಕೀಲರಿಗೆ ಹಣ ಸುರಿಯುವುದು ಬೇಡವೆಂದು ಟಾಕೋ ಜಾನ್ಸ್ ಹಕ್ಕು ಬಿಟ್ಟುಕೊಟ್ಟಿತು. ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಹೋಟೆಲೂ ಬಿಟ್ಟಿತು. ತಮಾಷೆಯೆಂದರೆ, 2019ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಇದೇ ಎರಡು ಪದಗಳನ್ನು ಬೇರೆ ವರ್ಗಗಳಲ್ಲಿ ಕೇಳಿದ್ದಾಗ, ‘ಇದು ಎಲ್ಲರೂ ಬಳಸುವ ಮಾಮೂಲಿ ಮಾತು, ಯಾರ ಗುರುತೂ ಆಗಲಾರದು’ ಎಂದು ಅದೇ ನೋಂದಣಿ ಕಚೇರಿ ಹಿಂದಿರುಗಿಸಿತ್ತು.

ಮಾಮೂಲಿ ಮಾತಿನ ಮೇಲಿನ ನೋಂದಣಿ ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನ ಹಾಗೆ: ಹತ್ತಿರ ಹೋಗಿ ಮುಟ್ಟುವವರೆಗೆ ಅದರ ಕೆಲಸ ನಡೆಯುತ್ತದೆ. ನಮ್ಮ ನೋಂದಣಿ ಕಚೇರಿಯ ಪರಿಶೀಲಕರ ಮುಂದೆ ಅರ್ಜಿಗಳ ರಾಶಿ ಇರುತ್ತದೆ. ಕನ್ನಡದ ಮಾತೊಂದು ಇಂಗ್ಲಿಷ್ ಅಕ್ಷರಗಳಲ್ಲಿ ಬಂದಾಗ ಅದು ಕಲಘಟಗಿಯಿಂದ ಕೊಳ್ಳೇಗಾಲದವರೆಗೆ ಜನ ಆಡುವ ಮಾತು ಎಂಬುದು ಪರಿಶೀಲಕರಿಗೆ ಗೊತ್ತಿರಲೇಬೇಕೆಂದೇನಿಲ್ಲ. ಕರ್ನಾಟಕದ ಅರ್ಜಿಗಳು ಸೇರುವುದು ಚೆನ್ನೈ ಕಚೇರಿಯ ವ್ಯಾಪ್ತಿಗೆ. ಹಾಗಾಗಿ ನೋಂದಣಿಯಾಗಿದೆ ಎಂಬ ಒಂದೇ ಕಾರಣಕ್ಕೆ ಹಕ್ಕು ಗಟ್ಟಿ ಎಂದು ತಿಳಿಯಬಾರದು.

ಈಗ ನಿಮ್ಮ ಮೂರು ಮಾತುಗಳಿಗೆ ಬರೋಣ.

‘ಹೌದ್ದೋ ಹುಲಿಯಾ’ ಹುಟ್ಟಿದ್ದು 2019ರ ಉಪಚುನಾವಣೆಯ ಹೊತ್ತಿಗೆ, ಬೆಳಗಾವಿ ಸೀಮೆಯ ಪ್ರಚಾರಸಭೆಯಲ್ಲಿ. ಸಿದ್ದರಾಮಯ್ಯನವರು ಮಾತಾಡುತ್ತಿದ್ದಾಗ ಸಭಿಕರೊಬ್ಬರು ಹುರುಪಿನಿಂದ ಕೂಗಿದ್ದು ವಾರದೊಳಗೆ ಎಲ್ಲರ ಮೊಬೈಲಿನಲ್ಲೂ ಕುಣಿಯಿತು. ಇಂಥ ದಿಢೀರ್ ಮಾತಿನ ಬೆನ್ನಿಗೇ ನೋಂದಣಿ ಅರ್ಜಿಗಳು ಓಡುವುದು ಎಲ್ಲ ದೇಶದಲ್ಲೂ ಇದೆ. ಪ್ಯಾರಿಸ್ಸಿನ ಚಾರ್ಲಿ ಎಬ್ಡೊ ಪತ್ರಿಕೆಯ ಮೇಲೆ 2015ರ ಜನವರಿಯಲ್ಲಿ ದಾಳಿ ನಡೆದು ವಾರ ಕಳೆಯುವುದರೊಳಗೆ ‘ಜ ಸ್ವಿ ಚಾರ್ಲಿ’ ಎಂಬ ಮಾತಿಗಾಗಿ ಐವತ್ತರಷ್ಟು ಅರ್ಜಿ ಬಂದವು. ಜನರೆಲ್ಲ ತಮ್ಮದಾಗಿಸಿಕೊಂಡ ಮಾತು ಯಾರ ಗುರುತೂ ಅಲ್ಲವೆಂದು ಫ್ರಾನ್ಸಿನ ಕಚೇರಿ ಎಲ್ಲವನ್ನೂ ತಿರಸ್ಕರಿಸಿತು. ನಮ್ಮಲ್ಲಿ 2025ರ ಮೇ 7ರಂದು ‘ಆಪರೇಷನ್ ಸಿಂದೂರ್’ ನಡೆದ ದಿನವೇ ಆ ಹೆಸರಿಗೆ ಅರ್ಜಿಗಳು ಬಿದ್ದವು. ರಿಲಯನ್ಸ್ ಸಮೂಹದ್ದೂ ಒಂದಿತ್ತು. ಟೀಕೆ ಎದ್ದ ಕೂಡಲೇ, ಕಿರಿಯ ಸಿಬ್ಬಂದಿಯೊಬ್ಬರು ಅನುಮತಿಯಿಲ್ಲದೆ ಅಚಾತುರ್ಯದಿಂದ ಹಾಕಿದ್ದೆಂದು ಹೇಳಿ ಮರುದಿನವೇ ಹಿಂದಕ್ಕೆ ಪಡೆದರು. ಒಂದು ಸೂಕ್ಷ್ಮ ಇಲ್ಲಿದೆ: ಪತ್ರಿಕೆಗಳಲ್ಲಿ ‘ಟ್ರೇಡ್‌ಮಾರ್ಕ್ ಮಾಡಿಸಿದರು’ ಎಂದು ಬರುವ ಸುದ್ದಿಗಳಲ್ಲಿ ಬಹುಪಾಲು ಬರೀ ಅರ್ಜಿಯ ಸುದ್ದಿ. ಅರ್ಜಿ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಹಾಕಬಹುದು. ಪರಿಶೀಲಿಸಿ ಒಪ್ಪಿದ ಮೇಲೂ ಅದನ್ನು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸಿ ನಾಲ್ಕು ತಿಂಗಳು ಆಕ್ಷೇಪಣೆಗೆ ಬಿಡುತ್ತಾರೆ. ಧೋನಿಯವರ ‘ಕ್ಯಾಪ್ಟನ್ ಕೂಲ್’ 2025ರ ಜೂನ್‌ನಲ್ಲಿ ಸುದ್ದಿಯಾದಾಗ ಮುಟ್ಟಿದ್ದ ಹಂತ ಇಷ್ಟೇ. ಪ್ರಕಟವಾದ ಮೇಲೆ ಅದಕ್ಕೆ ಆಕ್ಷೇಪಣೆಯೂ ಬಂತು.

‘ಈ ಸಲ ಕಪ್ ನಮ್ದೇ’ ಆರ್‌ಸಿಬಿ ಕ್ರಿಕೆಟ್ ತಂಡದ ಅಭಿಮಾನಿಗಳ ಬಾಯಲ್ಲಿ ವರ್ಷಾನುವರ್ಷ ಬೆಳೆದ ಮಾತು. ಎದುರಾಳಿಗಳು ಅಣಕಕ್ಕೆ ಬಳಸಿದರು, 2024ರಲ್ಲಿ ಹೆಣ್ಣುಮಕ್ಕಳ ತಂಡ ಗೆದ್ದಾಗ ಸ್ಮೃತಿ ಮಂಧಾನಾ, 2025ರಲ್ಲಿ ಕೊಹ್ಲಿ, ‘ಈ ಸಲ ಕಪ್ ನಮ್ದು’ ಎಂದು ತಿದ್ದಿ ಹೇಳಿದರು. ಕೇಳಿದವರಿಗೆ ಅದರಿಂದ ಆರ್‌ಸಿಬಿ ನೆನಪಾಗುತ್ತದೆ, ನಿಜ. ಆದರೆ ಆರ್‌ಸಿಬಿ ಅಂಗಡಿಯ ಅಧಿಕೃತ ಟಿ-ಶರ್ಟು ಇದು ಎಂದು ಕೊಳ್ಳುವವರಿಗೆ ಅನ್ನಿಸುತ್ತದೆಯೇ? ನಿಮ್ಮ ಮೇಲಿನ ಅಪಾಯವೆಲ್ಲ ಈ ಪ್ರಶ್ನೆಯಲ್ಲಿದೆ. ಬರೀ ಅಕ್ಷರ ಹಾಕಿದರೆ ಅಪಾಯ ಸಣ್ಣದು. ಅದರ ಪಕ್ಕ ತಂಡದ ಸಿಂಹದ ಲಾಂಛನ, ತಂಡದ ಹೆಸರು, ಆಟಗಾರರ ಚಿತ್ರ ಸೇರಿಸಿದರೆ ಮಾತಿನ ಪ್ರಶ್ನೆ ಹಿಂದೆ ಸರಿದು ನೀವು ಬೇರೆಯೇ ಜಗಳದಲ್ಲಿ ನಿಂತಿರುತ್ತೀರಿ, ಅದರಲ್ಲಿ ನಿಮ್ಮ ಪಕ್ಷ ದುರ್ಬಲ.

‘ಏನ್ರೀ, ಆರಾಮ?’ ಬಗ್ಗೆ ನೀವು ನಿದ್ದೆಗೆಡುವುದು ಬೇಡ.

ನಿಮ್ಮ ಕಸುಬಿನವರು ತಿಳಿದಿರಬೇಕಾದ ಇನ್ನೊಂದು ಭೇದವಿದೆ, ಇದನ್ನು ಯಾರೂ ಹೇಳುವುದಿಲ್ಲ. ಟಿ-ಶರ್ಟಿನ ಎದೆಯ ಮೇಲೆ ದೊಡ್ಡದಾಗಿ ಬರೆದ ಮಾತು ಬೇರೆ, ಕತ್ತಿನ ಒಳಗಿನ ಲೇಬಲ್ಲಿನಲ್ಲಿ ಬರೆದದ್ದು ಬೇರೆ. ಎದೆಯ ಮೇಲಿನ ಬರಹವನ್ನು ಗಿರಾಕಿ ಅಲಂಕಾರವೆಂದು, ತನ್ನ ಮನಸ್ಸಿನ ಮಾತೆಂದು ಕೊಳ್ಳುತ್ತಾನೆ. ಯಾರು ಹೊಲಿದದ್ದು ಎಂದು ತಿಳಿಯಲು ಲೇಬಲ್ ನೋಡುತ್ತಾನೆ. ಅಮೆರಿಕದ ನೋಂದಣಿ ಕಚೇರಿ ಎದೆಯ ಬರಹವನ್ನಷ್ಟೇ ಸಾಕ್ಷಿಯಾಗಿ ತೋರಿಸಿದ ಅರ್ಜಿಗಳನ್ನು ಅಲಂಕಾರವೆಂದು ಹಿಂದಿರುಗಿಸುವುದುಂಟು. ನಮ್ಮ ಕಾಯ್ದೆಯ 29ನೆಯ ಸೆಕ್ಷನ್ ಕೂಡ ಉಲ್ಲಂಘನೆಯನ್ನು ಹೇಳುವಾಗ, ಆ ಬಳಕೆ ಟ್ರೇಡ್‌ಮಾರ್ಕಿನ ಬಳಕೆ ಎಂದು ಜನ ತಿಳಿಯುವಂತಿರಬೇಕು ಎನ್ನುತ್ತದೆ. ಆದ್ದರಿಂದ ಲೇಬಲ್ಲು, ಬಿಲ್ಲು, ಚೀಲ, ಅಂಗಡಿ ಬೋರ್ಡಿನ ಮೇಲೆ ನಿಮ್ಮದೇ ಅಂಗಡಿಯ ಹೆಸರು ಸ್ಪಷ್ಟವಾಗಿರಲಿ. ಎದೆಯ ಮೇಲಿನ ಮಾತು ಮಾತಾಗಿಯೇ ಉಳಿಯಲು ಅದು ನೆರವಾಗುತ್ತದೆ.

ಒಬ್ಬರು ಹೊಸದಾಗಿ ಟಂಕಿಸಿದ ಪದವಾದರೆ ಲೆಕ್ಕ ಬದಲಾಗುತ್ತದೆ. ಸತತ ಮೂರನೆಯ ಸಲ ಚಾಂಪಿಯನ್ ಆಗುವುದಕ್ಕೆ ‘ತ್ರೀ-ಪೀಟ್’ ಎಂಬ ಪದವನ್ನು ಲಾಸ್ ಏಂಜಲಿಸ್ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದವರು 1988ರ ಗೆಲುವಿನ ನಂತರ ಆಡಿಕೊಂಡು ಓಡಾಡಿದರು. ಆಟಗಾರ ಬೈರನ್ ಸ್ಕಾಟ್ ಬಾಯಲ್ಲಿ ಬಂದದ್ದು ಎನ್ನುತ್ತಾರೆ. ನೋಂದಾಯಿಸಿಕೊಂಡದ್ದು ಮಾತ್ರ ಕೋಚ್ ಪ್ಯಾಟ್ ರೈಲಿ. 1989ರಲ್ಲಿ ಲೇಕರ್ಸ್ ಸೋತಿತು. 1993ರಲ್ಲಿ ಮೈಕೇಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಮೂರನೆಯ ಸಲ ಗೆದ್ದಾಗ ಊರೆಲ್ಲ ತ್ರೀ-ಪೀಟ್ ಟಿ-ಶರ್ಟ್, ಟೋಪಿ. ಆ ಹೊತ್ತಿಗೆ ಎದುರಾಳಿ ನ್ಯೂಯಾರ್ಕ್ ತಂಡದ ಕೋಚ್ ಆಗಿದ್ದ ರೈಲಿಗೆ ಗೌರವಧನ ಸಂದಾಯ. ತನ್ನನ್ನು ಸೋಲಿಸಿದವರ ಗೆಲುವಿನಿಂದಲೂ ಕಾಸು ಎಣಿಸಿದ ಕೋಚ್ ಬೇರೊಬ್ಬರಿರಲಾರರು. ಟಿವಿಯಲ್ಲಿ, ಬೀದಿಯಲ್ಲಿ ಆ ಪದ ಆಡಿದವರಾರೂ ಅವರಿಗೆ ಬಿಡಿಗಾಸೂ ಕೊಡಲಿಲ್ಲ ಎಂಬುದನ್ನೂ ಗಮನಿಸಿ.

ಇದಕ್ಕೆ ತದ್ವಿರುದ್ಧ ‘ಹಕುನ ಮಟಾಟ’. ‘ಚಿಂತೆಯಿಲ್ಲ’ ಎಂಬರ್ಥದಲ್ಲಿ ಸ್ವಾಹಿಲಿ ಭಾಷಿಕರು ಆಡುವ, ಕೀನ್ಯಾದ ಹಾಡೊಂದರಲ್ಲಿ 1982ರಷ್ಟು ಹಿಂದೆಯೇ ಜನಪ್ರಿಯವಾಗಿದ್ದ ಮಾತು. ‘ದಿ ಲಯನ್ ಕಿಂಗ್’ ಚಿತ್ರ ಬಂದ 1994ರಲ್ಲಿ ಡಿಸ್ನಿ ಅದಕ್ಕೆ ಅರ್ಜಿ ಹಾಕಿ 2003ರಲ್ಲಿ ಅಮೆರಿಕದಲ್ಲಿ ಉಡುಪಿನ ವರ್ಗಕ್ಕೆ ನೋಂದಣಿ ಪಡೆಯಿತು. 2018ರ ಕೊನೆಗೆ ಇದನ್ನು ವಿರೋಧಿಸಿದ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಡಿಸ್ನಿಯ ಪರ ವಾದಿಸುವ ವಕೀಲರು, ನೈರೋಬಿಯಲ್ಲಿ ನಿಮ್ಮ ಮಾತನ್ನು ಯಾರು ತಡೆದಿದ್ದಾರೆ ಎಂದು ಕೇಳಿದರು. ಕಾನೂನಿನ ಪ್ರಕಾರ ಅವರು ಹೇಳುವುದು ಸರಿಯೇ. ಆದರೂ, ಅಮೆರಿಕದಲ್ಲಿ ನೆಲೆಸಿದ ಕೀನ್ಯಾದ ಹುಡುಗನೊಬ್ಬ ತನ್ನ ಮನೆಮಾತನ್ನು ಟಿ-ಶರ್ಟಿನ ಮೇಲೆ ಅಚ್ಚುಹಾಕುವ ಮುನ್ನ ಒಂದು ಕಂಪನಿಯ ಮುಖ ನೋಡಬೇಕೆಂದರೆ ಅದು ಕಸಿವಿಸಿಯ ಸಂಗತಿಯೇ. ಯಾವ ಭಾಷೆಯ ಜನ ನೋಂದಣಿ ಕಚೇರಿಯಿಂದ ದೂರವಿದ್ದಾರೋ ಅವರ ಮಾತು ಅಲ್ಲಿ ‘ಹೊಸ ಪದ’ವಾಗಿ ಕಾಣಿಸುತ್ತದೆ.

ವ್ಯಕ್ತಿಯೊಬ್ಬರಿಗೆ ಅಂಟಿಕೊಂಡ ಮಾತಿನ ಬಗ್ಗೆ ಒಂದೆರಡು ವಾಕ್ಯ. 2023ರ ಸೆಪ್ಟೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ದನಿಯ ಜೊತೆ ‘ಝಕಾಸ್’ ಎಂಬ ಅವರ ಉದ್ಗಾರವನ್ನೂ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ಆದೇಶಿಸಿತು. ಇದು ಟ್ರೇಡ್‌ಮಾರ್ಕ್ ನೋಂದಣಿಯ ಮಾತಲ್ಲ, ವ್ಯಕ್ತಿತ್ವದ ಹಕ್ಕು ಎಂದು ಕರೆಯುತ್ತಾರೆ. ಮುಂಬಯಿಯ ಗಲ್ಲಿಯ ಮಾತೊಂದು ನಟನ ಬೆನ್ನಿಗೆ ಹೋದದ್ದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೆ ಅದರಿಂದ ನಿಮಗೊಂದು ಎಚ್ಚರಿಕೆಯಿದೆ. ‘ಅಭಿಮಾನಿ ದೇವರುಗಳೇ’ ಎಂದು ಬರೀ ಅಕ್ಷರದಲ್ಲಿ ಹಾಕುವುದಕ್ಕೂ, ರಾಜಕುಮಾರ್ ಅವರ ಚಿತ್ರದ ಜೊತೆ ಹಾಕುವುದಕ್ಕೂ ಕಾನೂನಿನ ಕಣ್ಣಲ್ಲಿ ಬಹಳ ಅಂತರ.

ಕಾಪಿರೈಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಜನ ಎರಡನ್ನೂ ಕಲಸುತ್ತಾರೆ. ಬಿಡಿ ಪದ, ಶೀರ್ಷಿಕೆ, ಸಣ್ಣ ಮಾತಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ. ‘ದೇಸಿ ಬಾಯ್ಸ್’ ಎಂಬ ಸಿನಿಮಾ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಹೇಳಿತು. ನಮ್ಮ ಫಿಲ್ಮ್ ಚೇಂಬರಿನಲ್ಲಿ ಶೀರ್ಷಿಕೆ ನೋಂದಾಯಿಸುವುದು ಚಿತ್ರರಂಗದವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆ. ಸಿನಿಮಾ ಹಾಡಿನ ಪೂರ್ತಿ ಸಾಲು ಎತ್ತಿ ಅಚ್ಚುಹಾಕಿದರೆ ಮಾತ್ರ ಕಾಪಿರೈಟಿನ ತಕರಾರು ಬರಬಹುದು, ಅದರಿಂದ ದೂರವಿರಿ.

ಒಂದು ವೇಳೆ ನಿಮಗೆ ನೋಟಿಸ್ ಬಂದರೆ? ಗಾಬರಿಯಲ್ಲಿ ಫೋನು ಮಾಡಿ ತಪ್ಪೊಪ್ಪಿಕೊಳ್ಳಬೇಡಿ, ಹರಿದೂ ಹಾಕಬೇಡಿ. ನೋಟಿಸಿನಲ್ಲಿ ನೋಂದಣಿ ಸಂಖ್ಯೆ ಇದೆಯೇ, ಯಾವ ವರ್ಗ ಎಂದು ಮೊದಲು ನೋಡಿ.  ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಅದನ್ನು ಉಚಿತವಾಗಿ ಹುಡುಕಬಹುದು. ಅದು ಬರೀ ಅರ್ಜಿಯೋ, ಆಕ್ಷೇಪಣೆಯಲ್ಲಿದೆಯೋ, ನೋಂದಣಿಯಾಗಿದೆಯೋ ಅಲ್ಲೇ ಕಾಣುತ್ತದೆ. ಹೆಸರಿನ ತಲೆಯ ಮೇಲೆ ‘ಟಿಎಂ’ ಎಂಬ ಸಣ್ಣಕ್ಷರ ಕಂಡರೆ ಹೆದರಬೇಕಿಲ್ಲ, ಅದನ್ನು ಯಾರೂ ಹಾಕಿಕೊಳ್ಳಬಹುದು. ವೃತ್ತದೊಳಗೆ ‘ಆರ್’ ಇದ್ದರೆ ಮಾತ್ರ ನೋಂದಣಿ. ಆಗದೆ ಹಾಕಿಕೊಂಡರೆ ಅದೇ ಅಪರಾಧ. ಚಿತ್ರದ ರೂಪದಲ್ಲಿ ನೋಂದಣಿಯಾಗಿದ್ದರೆ ಹಕ್ಕು ಆ ಇಡೀ ಚಿತ್ರಕ್ಕೆ, ಒಳಗಿನ ಪ್ರತಿ ಪದಕ್ಕೂ ಅಲ್ಲ. ನೋಂದಣಿಯ ನಂತರ ಐದು ವರ್ಷ ಬಳಸದೆ ಬಿಟ್ಟ ಗುರುತನ್ನು ತೆಗೆಸಿಹಾಕಲು ದಾರಿಯಿದೆ. ಇನ್ನೂ ಜರ್ನಲ್‌ನಲ್ಲಿ ಪ್ರಕಟವಾದ ಹಂತದಲ್ಲಿದ್ದರೆ ಒಂದು ವರ್ಗಕ್ಕೆ 2,700 ರೂಪಾಯಿ ಶುಲ್ಕ ಕಟ್ಟಿ ಆನ್‌ಲೈನಿನಲ್ಲೇ ಆಕ್ಷೇಪಣೆ ಸಲ್ಲಿಸಬಹುದು; ವಕೀಲರ ಖರ್ಚು ಬೇರೆ. ಆಧಾರವಿಲ್ಲದ ಬೆದರಿಕೆಯಾದರೆ 142ನೆಯ ಸೆಕ್ಷನ್ ಕೆಳಗೆ ಬೆದರಿಸಿದವರ ಮೇಲೇ ದಾವೆ ಹೂಡಲು ಅವಕಾಶವಿದೆ. ಆದರೆ ನೋಂದಾಯಿತ ಮಾಲೀಕರು ತಡಮಾಡದೆ ತಾವೇ ಕೋರ್ಟಿಗೆ ಹೋದರೆ ಈ ಅಸ್ತ್ರ ನಡೆಯುವುದಿಲ್ಲ. ನಿಮ್ಮಂಥ ನಾಲ್ಕಾರು ಪ್ರಿಂಟಿಂಗ್ ಅಂಗಡಿಯವರಿಗೆ ಒಂದೇ ನೋಟಿಸ್ ಬಂದಿದ್ದರೆ ಸೇರಿ ಒಬ್ಬ ವಕೀಲರನ್ನು ಹಿಡಿಯಿರಿ. ಟಾಕೋ ಹೋಟೆಲುಗಳವರು ಹೀಗೆ ಮಾಡಿದ್ದರೆ ಅವರ ಬೋರ್ಡುಗಳು ಉಳಿಯುತ್ತಿದ್ದವೇನೋ.

‘ನಾವೇ ಮೊದಲು ಮಾಡಿಸಿಕೊಳ್ಳೋದು ಚಲೋನ?’ ಎಂಬುದಕ್ಕೆ: ಈ ಮೂರು ಮಾತಿಗೆ ಬೇಡ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನಿಮ್ಮ ಮೂರು ವರ್ಗಕ್ಕೆ ಒಂದು ಮಾತಿಗೇ 13,500 ಆಗುತ್ತದೆ. ಸಿಕ್ಕರೂ ಪಕ್ಕದ ಅಂಗಡಿಯವರನ್ನು ತಡೆಯಲಾಗದ ಕಾಗದ ಅದು. ಆ ಹಣದಲ್ಲಿ ನಿಮ್ಮ ಅಂಗಡಿಯ ಹೆಸರನ್ನು ನೋಂದಾಯಿಸಿ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು. ಹೆಸರು ‘ಹುಬ್ಬಳ್ಳಿ ಪ್ರಿಂಟರ್ಸ್’ ಥರದ್ದಾಗಿದ್ದರೆ ಊರೂ ಕಸುಬೂ ಸೇರಿ ಬರೀ ಬಣ್ಣನೆಯಾಯಿತು, ಆಕ್ಷೇಪ ಬರುತ್ತದೆ. ಟಿ-ಶರ್ಟಿಗೂ ಕಪ್ಪಿಗೂ ಸಂಬಂಧವೇ ಇಲ್ಲದ ಒಂದು ಪದ ಹುಡುಕಿ.